ಎರಡು ದೇಶ, ಎರಡು ಮನೆ, ಒಂದೇ ಇಮೇಲ್: ಕಂಪ್ಯೂಟರ್ ಸೆಟಪ್ ಹೀಗೆ ಮಾಡಿಕೊಳ್ಳಿ

ನಮಸ್ಕಾರ. ವರ್ಷದಲ್ಲಿ ಕೆಲವು ತಿಂಗಳು ಒಂದು ದೇಶದಲ್ಲಿ, ಉಳಿದ ತಿಂಗಳು ಇನ್ನೊಂದು ದೇಶದಲ್ಲಿ ಇರುತ್ತೀರಾ? ಮಕ್ಕಳ ಮನೆಗೆ ಹೋಗಿ ಬರುವ ಅಪ್ಪ ಅಮ್ಮ ಇರಬಹುದು, ಎರಡೂ ಕಡೆ ಕೆಲಸ ಇರುವವರು ಇರಬಹುದು. ಈ ವಿಡಿಯೋ ನಿಮಗಾಗಿ.

ಇಂಥವರು ಮೊದಲು ಕೇಳುವುದು ಯಾವ ಕನೆಕ್ಷನ್ ತಗೋಬೇಕು, ಎಷ್ಟು ಸ್ಪೀಡ್ ಬೇಕು ಅಂತ. ನನ್ನ ಪ್ರಕಾರ ಅದು ಆಮೇಲಿನ ಮಾತು. ಕನೆಕ್ಷನ್ ಯಾವಾಗ ಬೇಕಾದರೂ ಬದಲಾಯಿಸಬಹುದು. ಇಮೇಲ್ ಹಾಗಲ್ಲ. ಬ್ಯಾಂಕು, ವೀಸಾ, ಇನ್ಶೂರೆನ್ಸ್, ವಿಮಾನದ ಟಿಕೆಟ್ ಎಲ್ಲವೂ ಆ ಒಂದು ವಿಳಾಸಕ್ಕೇ ಬರುತ್ತವೆ. ಹಾಗಾಗಿ ಇಮೇಲಿನಿಂದಲೇ ಶುರು ಮಾಡೋಣ.

[ಸ್ಕ್ರೀನ್ ಮೇಲೆ: ನಿಮ್ಮ ಇಮೇಲ್ ವಿಳಾಸ ಯಾರ ಕೈಯಲ್ಲಿದೆ?]

ಇಂಟರ್ನೆಟ್ ಕನೆಕ್ಷನ್ ಕೊಟ್ಟ ಕಂಪನಿಯೇ ಕೊಟ್ಟ ಇಮೇಲ್ ವಿಳಾಸವನ್ನು ಎಷ್ಟೋ ಜನ ವರ್ಷಗಟ್ಟಲೆ ಬಳಸುತ್ತಾರೆ. ಒಂದೇ ಮನೆಯಲ್ಲಿ ಇರುವವರೆಗೆ ತೊಂದರೆ ಇಲ್ಲ. ಆದರೆ ಆರು ತಿಂಗಳು ಊರಲ್ಲಿ ಇರಲ್ಲ ಅಂತ ಕನೆಕ್ಷನ್ ನಿಲ್ಲಿಸಿದರೆ, ಅದರ ಜೊತೆಗೆ ಇಮೇಲೂ ಹೋಗುವ ಸಾಧ್ಯತೆ ಇದೆ. ಲೈನಿಗೆ ಅಂಟಿಕೊಂಡಿರುವ ವಿಳಾಸ ಎರಡು ದೇಶದ ಬದುಕಿಗೆ ಆಗಿ ಬರಲ್ಲ. ಜಿಮೇಲ್, ಔಟ್‌ಲುಕ್, ಪ್ರೋಟಾನ್, ಹೀಗೆ ಯಾವ ಲೈನಿಗೂ ಸಂಬಂಧ ಇಲ್ಲದ ಒಂದು ವಿಳಾಸ ಮಾಡಿಕೊಳ್ಳಿ. ಹಳೆಯದನ್ನು ತಕ್ಷಣ ಮುಚ್ಚಬೇಡಿ. ಅಲ್ಲಿಗೆ ಬರುವ ಮೇಲ್ ಹೊಸ ವಿಳಾಸಕ್ಕೆ ಫಾರ್ವರ್ಡ್ ಆಗುವ ಹಾಗೆ ಮಾಡಿ. ಯಾರ್ಯಾರು ಇನ್ನೂ ಹಳೆಯದಕ್ಕೇ ಬರೆಯುತ್ತಿದ್ದಾರೆ ಅಂತ ಕೆಲವು ತಿಂಗಳು ನೋಡಿ, ಒಂದೊಂದಾಗಿ ಬದಲಾಯಿಸುತ್ತಾ ಹೋಗಿ.

ಸ್ವಂತ ಡೊಮೇನ್, ಅಂದರೆ ಇಂಟರ್ನೆಟ್ಟಿನಲ್ಲಿ ತಮ್ಮದೇ ಒಂದು ಹೆಸರು, ಕೊಂಡು ಅದರಲ್ಲಿ ಇಮೇಲ್ ಇಟ್ಟುಕೊಳ್ಳುವವರಿಗೆ ಒಂದು ಮಾತು. ಡೊಮೇನ್ ನವೀಕರಣದ ನೆನಪೋಲೆ ಅದೇ ಡೊಮೇನಿನ ಇಮೇಲಿಗೆ ಬರುವ ಹಾಗೆ ಇಡಬೇಡಿ. ಡೊಮೇನ್ ನಿಂತ ದಿನ ಆ ಪತ್ರವೂ ನಿಮಗೆ ಸಿಗುವುದಿಲ್ಲ.

[ಸ್ಕ್ರೀನ್ ಮೇಲೆ: ಥಂಡರ್‌ಬರ್ಡ್ ತೆರೆದು, ಅಕೌಂಟ್ ಸೆಟ್ಟಿಂಗ್ಸ್ ತೋರಿಸುವುದು]

ಈಗ ಕಂಪ್ಯೂಟರಿಗೆ ಬರೋಣ. ಬ್ರೌಸರಿನಲ್ಲೇ ಮೇಲ್ ನೋಡುವವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಮೇಲ್ ಓದಲು, ಬರೆಯಲು ಥಂಡರ್‌ಬರ್ಡ್ ಥರದ ಬೇರೆ ಪ್ರೋಗ್ರಾಮ್ ಬಳಸುವವರು ಮಾತ್ರ ಇದನ್ನು ಗಮನವಿಟ್ಟು ನೋಡಿ. ಎರಡು ದೇಶದ ತಾಪತ್ರಯ ಜಾಸ್ತಿ ಹುಟ್ಟುವುದು ಇಲ್ಲೇ.

ಎಡಗಡೆ ನಿಮ್ಮ ಅಕೌಂಟ್ ಹೆಸರಿನ ಕೆಳಗೆ ಸರ್ವರ್ ಸೆಟ್ಟಿಂಗ್ಸ್ ಅಂತ ಇದೆ. ಒತ್ತಿ. ಮೇಲುಗಡೆ ಸರ್ವರ್ ಟೈಪ್ ಅಂತ ಕಾಣುತ್ತದೆ ನೋಡಿ. ಅಲ್ಲಿ ಪಾಪ್ ಅಂತ ಇದೆಯಾ, ಐಮ್ಯಾಪ್ ಅಂತ ಇದೆಯಾ? ಇವು ಮೇಲ್ ತರುವ ಎರಡು ವಿಧಾನ. ಪಾಪ್ ಇದ್ದರೆ ಮೇಲ್ ಈ ಕಂಪ್ಯೂಟರಿಗೆ ಇಳಿದು ಬರುತ್ತದೆ. ಪ್ರತಿಯನ್ನು ಸರ್ವರಿನಲ್ಲಿ, ಅಂದರೆ ಇಮೇಲ್ ಕಂಪನಿಯ ಕಂಪ್ಯೂಟರಿನಲ್ಲಿ, ಉಳಿಸುವ ಸೆಟ್ಟಿಂಗ್ ಇಲ್ಲದಿದ್ದರೆ ಅಲ್ಲಿಂದ ಅಳಿಸಿಯೂ ಹೋಗುತ್ತದೆ. ಆಗ ಇನ್ನೊಂದು ಮನೆಗೆ ಹೋಗಿ ಅಲ್ಲಿನ ಕಂಪ್ಯೂಟರ್ ತೆರೆದರೆ ಹಳೆಯ ಪತ್ರ ಒಂದೂ ಇರುವುದಿಲ್ಲ. ಅವೆಲ್ಲ ಸಮುದ್ರದಾಚೆ ಬೀಗ ಹಾಕಿದ ಮನೆಯಲ್ಲಿರುವ ಹಾರ್ಡ್ ಡಿಸ್ಕಿನಲ್ಲಿ ಉಳಿದಿರುತ್ತವೆ.

ಐಮ್ಯಾಪ್ ಆದರೆ ಮೇಲ್ ಸರ್ವರಿನಲ್ಲೇ ಇರುತ್ತದೆ. ಎರಡೂ ಮನೆಯ ಕಂಪ್ಯೂಟರ್, ಫೋನ್, ಎಲ್ಲದರಲ್ಲೂ ಅದೇ ಇನ್‌ಬಾಕ್ಸ್, ಅದೇ ಫೋಲ್ಡರ್. ಇದರ ಪೋರ್ಟ್, ಅಂದರೆ ಸರ್ವರಿನ ಬಾಗಿಲಿನ ನಂಬರ್, 993; ಭದ್ರತೆಯಲ್ಲಿ ಎಸ್‌ಎಸ್‌ಎಲ್/ಟಿಎಲ್‌ಎಸ್ ಆರಿಸಿ. ಈಗಾಗಲೇ ಪಾಪ್ ಇದ್ದರೆ ಅದನ್ನು ತೆಗೆಯಬೇಡಿ. ಅದೇ ವಿಳಾಸವನ್ನು ಐಮ್ಯಾಪ್ ಆಗಿ ಇನ್ನೊಂದು ಸಲ ಸೇರಿಸಿ. ಮೊದಲು ಬ್ಯಾಕಪ್ ತಗೊಂಡು, ಆಮೇಲೆ ಹಳೆಯ ಪತ್ರಗಳನ್ನು ಹೊಸ ಅಕೌಂಟಿನ ಫೋಲ್ಡರಿಗೆ ಕಾಪಿ ಮಾಡಿ. ಮೂವ್ ಅಲ್ಲ, ಕಾಪಿ. ನಡುವೆ ಲೈನ್ ಕಟ್ಟಾದರೂ ಮೂಲ ಪ್ರತಿ ಉಳಿಯುತ್ತದೆ. ಅದೇ ರೀತಿ ಲೋಕಲ್ ಫೋಲ್ಡರ್ಸ್‌ನಲ್ಲಿ ಇಟ್ಟ ಪತ್ರಗಳು ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ ಇರುತ್ತವೆ, ಅದನ್ನೂ ನೋಡಿಕೊಳ್ಳಿ.

[ಸ್ಕ್ರೀನ್ ಮೇಲೆ: ಮೇಲ್ ಬರುತ್ತದೆ, ಹೋಗುವುದಿಲ್ಲ]

ಇನ್ನೊಂದು ದೇಶಕ್ಕೆ ಹೋದ ಕೂಡಲೇ ಕೆಲವರಿಗೆ ಒಂದು ವಿಚಿತ್ರ ಅನುಭವ ಆಗುತ್ತದೆ. ಮೇಲ್ ಎಲ್ಲ ಬರುತ್ತಿರುತ್ತದೆ. ಉತ್ತರ ಬರೆದು ಕಳಿಸಿದರೆ ಮಾತ್ರ ಹೋಗುವುದಿಲ್ಲ. ಪಾಸ್‌ವರ್ಡ್ ತಪ್ಪಿರಬೇಕು ಅಂತ ಸುಮ್ನೆ ಅದನ್ನೇ ಬದಲಾಯಿಸುತ್ತಾ ಕೂರುತ್ತಾರೆ. ಕಾರಣ ಬೇರೆ. ಮೇಲ್ ತರುವ ಸರ್ವರ್ ಒಂದು, ಕಳಿಸುವ ಸರ್ವರ್ ಇನ್ನೊಂದು. ಹಳೆಯ ಸೆಟ್ಟಿಂಗಿನಲ್ಲಿ ಕಳಿಸುವ ಸರ್ವರ್ ಮೊದಲ ಮನೆಯ ಇಂಟರ್ನೆಟ್ ಕಂಪನಿಯದ್ದಾಗಿರಬಹುದು. ತನ್ನ ಲೈನಿನಿಂದ ಬಂದವರನ್ನು ಮಾತ್ರ ಅದು ನಂಬುತ್ತದೆ. ಬೇರೆ ದೇಶದ ಲೈನಿನಿಂದ ಹೋದರೆ ಬಾಗಿಲು ತೆಗೆಯುವುದಿಲ್ಲ. ಜೊತೆಗೆ, ಸ್ಪ್ಯಾಮ್ ತಡೆಯಲು, ಮೇಲ್ ಕಳಿಸಲು ಹಿಂದೆ ಬಳಸುತ್ತಿದ್ದ ಪೋರ್ಟ್ 25 ಅನ್ನು ಮನೆ ಕನೆಕ್ಷನ್‌ಗಳಲ್ಲಿ ಬಹಳ ಕಂಪನಿಗಳು ಮುಚ್ಚಿರುತ್ತವೆ.

ಅಕೌಂಟ್ ಸೆಟ್ಟಿಂಗ್ಸ್‌ನ ಅದೇ ಎಡಗಡೆಯ ಪಟ್ಟಿಯಲ್ಲಿ ಕೆಳಗೆ ಬನ್ನಿ. ಔಟ್‌ಗೋಯಿಂಗ್ ಸರ್ವರ್ ಅಂತ ಇದೆಯಲ್ಲ, ಅಲ್ಲಿ ನಿಮ್ಮ ಇಮೇಲ್ ಕೊಟ್ಟವರ ಸರ್ವರ್ ಹೆಸರನ್ನೇ ಹಾಕಿ. ಪೋರ್ಟ್ 465 ಆದರೆ ಎಸ್‌ಎಸ್‌ಎಲ್/ಟಿಎಲ್‌ಎಸ್, 587 ಆದರೆ ಸ್ಟಾರ್ಟ್‌ಟಿಎಲ್‌ಎಸ್. ಹೀಗೆ ಇಟ್ಟರೆ ಲಾಗಿನ್ ಆದವರು ಯಾರು ಅಂತ ಮಾತ್ರ ಸರ್ವರ್ ಕೇಳುತ್ತದೆ, ಯಾವ ಕಂಪನಿಯ ಲೈನು ಅಂತ ಕೇಳುವುದಿಲ್ಲ. ಹೊರಡುವ ಮೊದಲು ಮೊಬೈಲಿನ ಹಾಟ್‌ಸ್ಪಾಟ್‌ಗೆ ಕಂಪ್ಯೂಟರ್ ಜೋಡಿಸಿ ಒಂದು ಮೇಲ್ ಕಳಿಸಿ ನೋಡಿ. ಮನೆ ಲೈನ್ ಬಿಟ್ಟು ಬೇರೆ ಲೈನಿನಿಂದ ಹೋಗುತ್ತದಾ ಅನ್ನುವುದು ಗೊತ್ತಾಗುತ್ತದೆ.

[ಸ್ಕ್ರೀನ್ ಮೇಲೆ: ಒಟಿಪಿ ಯಾವ ಸಿಮ್‌ಗೆ ಬರುತ್ತದೆ?]

ನನಗೆ ನಿಜಕ್ಕೂ ಚಿಂತೆ ಹುಟ್ಟಿಸುವ ವಿಷಯ ಇದು. ಇಮೇಲ್ ಲಾಗಿನ್‌ಗೆ ಎಸ್‌ಎಂಎಸ್ ಒಟಿಪಿ ಇಟ್ಟುಕೊಂಡಿದ್ದೀರಿ. ಹೊಸ ದೇಶದಿಂದ ಲಾಗಿನ್ ಆದಾಗ ಸರ್ವರಿಗೆ ಅನುಮಾನ ಬರುವುದು ಸಹಜ, ಒಟಿಪಿ ಕೇಳುತ್ತದೆ. ಆ ಸಿಮ್ ಎಲ್ಲಿದೆ? ರೋಮಿಂಗ್ ಇಲ್ಲದೆ ಬ್ಯಾಗಿನಲ್ಲಿ ಬಿದ್ದಿದೆ. ಇನ್ನೂ ಕೆಟ್ಟದ್ದೆಂದರೆ, ಬಹಳ ಕಾಲ ರೀಚಾರ್ಜ್ ಮಾಡದ ನಂಬರ್ ಬಂದ್ ಆಗಿ, ಮುಂದೊಂದು ದಿನ ಬೇರೆಯವರಿಗೆ ಸಿಗಬಹುದು. ಆಗ ನಿಮ್ಮ ಒಟಿಪಿ ಅವರ ಫೋನಿಗೆ ಹೋಗುತ್ತದೆ.

ಅದಕ್ಕೆ ಫೋನಿನಲ್ಲೇ ಲಾಗಿನ್ ಕೋಡ್ ತಯಾರಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಿ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಕೋಡ್ ಬರುತ್ತದೆ. ಅದಕ್ಕೆ ಸಿಮ್ಮೂ ಬೇಡ, ಇಂಟರ್ನೆಟ್ಟೂ ಬೇಡ. ಆದರೆ ಫೋನಿನ ಗಡಿಯಾರ ಸರಿಯಾಗಿರಬೇಕು. ವಿಮಾನ ಇಳಿದ ಮೇಲೆ ಟೈಮ್ ಝೋನ್ ಬದಲಾದರೆ ಏನೂ ಆಗುವುದಿಲ್ಲ, ಆ್ಯಪ್ ಲೆಕ್ಕ ಹಾಕುವುದು ಇಡೀ ಜಗತ್ತಿಗೆ ಒಂದೇ ಆದ ಸಮಯದ ಮೇಲೆ. ಟೈಮ್ ಝೋನ್ ಮುಟ್ಟದೆ ಗಂಟೆಯನ್ನು ಮಾತ್ರ ಕೈಯಿಂದ ಹಿಂದೆ ಮುಂದೆ ಮಾಡಿದರೆ ಕೋಡ್ ತಪ್ಪುತ್ತದೆ. ಸಮಯವನ್ನು ಆಟೋಮ್ಯಾಟಿಕ್‌ನಲ್ಲೇ ಬಿಡಿ.

ಫೋನ್ ಕೈಯಲ್ಲಿ ಇಲ್ಲದಾಗ ಲಾಗಿನ್ ಆಗಲು ಬೇಕಾಗುವ ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದಿಡುವುದು ಹಳೆಯ ಪದ್ಧತಿ ಅನ್ನಿಸಬಹುದು. ನನಗೆ ಇದಕ್ಕಿಂತ ಭರವಸೆಯ ದಾರಿ ಗೊತ್ತಿಲ್ಲ. ಗೂಗಲ್ 8 ಅಂಕಿಯ 10 ಕೋಡ್ ಕೊಡುತ್ತದೆ, ಒಂದು ಕೋಡ್ ಒಂದೇ ಸಲ ನಡೆಯುತ್ತದೆ. ಎರಡೂ ಮನೆಯಲ್ಲಿ ಒಂದೊಂದು ಪ್ರತಿ ಇಡಿ. ಹೊಸ ಪಟ್ಟಿ ತೆಗೆದರೆ ಹಳೆಯದು ಕೆಲಸಕ್ಕೆ ಬರುವುದಿಲ್ಲ ಅನ್ನುವುದು ಮನೆಯವರಿಗೂ ಗೊತ್ತಿರಲಿ.

[ಸ್ಕ್ರೀನ್ ಮೇಲೆ: ಮೋಡೆಮ್, ರೂಟರ್, ಅಡಾಪ್ಟರ್]

ಇನ್ನು ಇಂಟರ್ನೆಟ್. ಮೋಡೆಮ್ ಅಥವಾ ಫೈಬರ್ ಡಬ್ಬಿ ಆಯಾ ಲೈನಿನದ್ದು, ಅದನ್ನು ಹೊತ್ತುಕೊಂಡು ಹೋಗಿ ಪ್ರಯೋಜನವಿಲ್ಲ. ಮನೆಗೆಲ್ಲ ವೈಫೈ ಹಂಚುವ ರೂಟರ್ ಒಯ್ಯಬಹುದು, ಆದರೆ ಎರಡು ಮನೆಗೂ ಒಂದೊಂದು ಇಡುವುದೇ ವಾಸಿ. ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಬಗೆಯ ಭದ್ರತೆ ಕೊಡಿ. ಫೋನು, ಟ್ಯಾಬು, ಲ್ಯಾಪ್‌ಟಾಪು ಮನೆಗೆ ಕಾಲಿಡುತ್ತಲೇ ತಾವೇ ಜೋಡಿಸಿಕೊಳ್ಳುತ್ತವೆ. ವಯಸ್ಸಾದವರಿಗೆ ಇದು ಎಷ್ಟು ನೆಮ್ಮದಿ ಗೊತ್ತಾ!

ರೂಟರ್ ಒಯ್ಯುವುದೇ ಆದರೆ ಅದರಲ್ಲಿ ದೇಶದ ಸೆಟ್ಟಿಂಗ್ ಬದಲಾಯಿಸಿ. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಅಮೆರಿಕದಲ್ಲಿ ಸಾಮಾನ್ಯವಾಗಿ 1ರಿಂದ 11ರವರೆಗಿನ ಚಾನೆಲ್ ಬಳಕೆಯಲ್ಲಿವೆ, ಯುರೋಪಿನಲ್ಲಿ 13ರವರೆಗೆ. ರೂಟರ್ 13ರಲ್ಲಿ ಕೂತಿದ್ದರೆ ಅಮೆರಿಕದಲ್ಲಿ ಕೊಂಡ ಲ್ಯಾಪ್‌ಟಾಪಿಗೆ ಆ ವೈಫೈ ಕಾಣದೇ ಇರಬಹುದು. 1, 6, 11ರಲ್ಲಿ ಒಂದನ್ನು ಆರಿಸಿ.

ಅಡಾಪ್ಟರ್ ಮೇಲೆ 100-240 ವೋಲ್ಟ್ ಅಂತ ಬರೆದಿದ್ದರೆ ಪ್ಲಗ್ ಹೊಂದಿಸಿದರೆ ಸಾಕು. ಹಳೆಯ ಡೆಸ್ಕ್‌ಟಾಪ್ ಆದರೆ ಎಚ್ಚರ. ಹಿಂದುಗಡೆ 115, 230 ಅಂತ ಸಣ್ಣ ಸ್ವಿಚ್ ಇರುತ್ತದೆ. 115ರಲ್ಲಿ ಇಟ್ಟು 230 ವೋಲ್ಟ್ ಕೊಟ್ಟರೆ ಪವರ್ ಸಪ್ಲೈ ಸುಟ್ಟೇ ಹೋಗುತ್ತದೆ.

[ಸ್ಕ್ರೀನ್ ಮೇಲೆ: ತಿಂಗಳುಗಟ್ಟಲೆ ಬಿಟ್ಟಿದ್ದ ಕಂಪ್ಯೂಟರ್ ಹಾಕಿದಾಗ]

ಹೊರಡುವ ದಿನ ಎಲ್ಲದರ ಪ್ಲಗ್ ತೆಗೆಯಿರಿ. ತಾಮ್ರದ ತಂತಿಯ ಲೈನ್ ಆದರೆ ಅದನ್ನೂ ಮೋಡೆಮಿನಿಂದ ಬಿಡಿಸಿ, ಸಿಡಿಲು ಆ ದಾರಿಯಲ್ಲೂ ಒಳಗೆ ಬರುತ್ತದೆ.

ತಿರುಗಿ ಬಂದು ಹಳೆಯ ಡೆಸ್ಕ್‌ಟಾಪ್ ಹಾಕುತ್ತೀರಿ. ಇಂಟರ್ನೆಟ್ ಇದೆ, ಆದರೆ ಯಾವ ವೆಬ್‌ಸೈಟ್ ತೆರೆದರೂ ಕನೆಕ್ಷನ್ ಸುರಕ್ಷಿತವಲ್ಲ ಅನ್ನುತ್ತದೆ. ಇಮೇಲೂ ಬರುವುದಿಲ್ಲ. ವೈರಸ್ ಅಂತ ಗಾಬರಿ ಬೀಳಬೇಡಿ. ಮೂಲೆಯಲ್ಲಿ ದಿನಾಂಕ ನೋಡಿ. ಎಷ್ಟೋ ವರ್ಷ ಹಿಂದಿನದು ಇರುತ್ತದೆ. ಕಂಪ್ಯೂಟರಿನ ಒಳಗೆ, ಮದರ್‌ಬೋರ್ಡಿನ ಮೇಲೆ, ಗಡಿಯಾರ ನಡೆಸುವ ಪುಟ್ಟ ಬ್ಯಾಟರಿ ಖಾಲಿಯಾಗಿದೆ. ವೆಬ್‌ಸೈಟ್ ಅಸಲಿ ಅಂತ ತೋರಿಸುವ ಪ್ರಮಾಣಪತ್ರಕ್ಕೆ ಶುರುವಿನ ದಿನ, ಮುಗಿಯುವ ದಿನ ಇರುತ್ತವೆ, ಗಡಿಯಾರ ತಪ್ಪಿದರೆ ಅವು ಹೊಂದುವುದಿಲ್ಲ. ದಿನಾಂಕ, ಸಮಯ, ಟೈಮ್ ಝೋನ್ ಮೂರನ್ನೂ ಕೈಯಿಂದ ಸರಿಮಾಡಿ, ಬ್ರೌಸರ್ ಮುಚ್ಚಿ ತೆರೆಯಿರಿ. ಬ್ಯಾಟರಿ ಸಾಮಾನ್ಯವಾಗಿ ಸಿಆರ್2032, ಮುಂದಿನ ಸಲಕ್ಕೆ ಹೊಸದು ಹಾಕಿಸಿ. ಬ್ಯಾಂಕಿನ ಸೈಟ್ ತೆರೆಯುವ ಮೊದಲು ಬಾಕಿ ಉಳಿದ ಅಪ್‌ಡೇಟ್ ಎಲ್ಲ ಆಗಲಿ. ಮೊದಲ ರಾತ್ರಿ ಕಂಪ್ಯೂಟರನ್ನು ಚಾಲೂ ಬಿಟ್ಟು ಮಲಗಿ, ಪ್ರಯಾಣದ ದಣಿವೂ ಇರುತ್ತದಲ್ವಾ.