ಫುಗಾಜಿ: ಐದು ಡಾಲರ್ ಟಿಕೆಟ್ ಕಥೆ ಸಾಕು, ಆಲ್ಬಂ ಕೇಳೋಣ

ನಮಸ್ಕಾರ. ಮೇಜಿನ ಮೇಲೆ ಹರಡಿರುವುದೆಲ್ಲ ಫುಗಾಜಿ ಆಲ್ಬಂಗಳು. ಅಮೆರಿಕದ ವಾಷಿಂಗ್ಟನ್ ಡಿ.ಸಿ.ಯ ಪಂಕ್ ಬ್ಯಾಂಡ್, ಅಂದರೆ ಒರಟು, ಜೋರು ರಾಕ್ ಸಂಗೀತದವರು. 1987ರಲ್ಲಿ ಮೊದಲ ಶೋ, 2002ರ ನವೆಂಬರ್‌ನಲ್ಲಿ ಲಂಡನ್‌ನಲ್ಲಿ ಕೊನೆಯದು. ಇಯಾನ್ ಮಕೈ ಮತ್ತು ಗೀ ಪಿಚೊಟ್ಟೊ ಗಿಟಾರ್ ಹಿಡಿದು ಹಾಡುತ್ತಾರೆ. ಬೇಸ್ ಗಿಟಾರ್ ಜೋ ಲ್ಯಾಲಿ, ಡ್ರಮ್ಸ್ ಬ್ರೆಂಡನ್ ಕ್ಯಾಂಟಿ.

ಇವರ ಹೆಸರು ಬಂದ ಕೂಡಲೇ ಎಲ್ಲರೂ ಇವರ ಕಟ್ಟುಪಾಡುಗಳ ಬಗ್ಗೆಯೇ ಮಾತಾಡುತ್ತಾರೆ. ಟಿಕೆಟ್ ಆದಷ್ಟೂ ಐದು ಡಾಲರ್ ಆಸುಪಾಸು. ಶೋಗೆ ಯಾವ ವಯಸ್ಸಿನವರು ಬೇಕಾದರೂ ಬರಬಹುದಿತ್ತು. ಬ್ಯಾಂಡ್ ಹೆಸರಿನ ಟೀ ಶರ್ಟ್ ಮಾರುತ್ತಿರಲಿಲ್ಲ. ಗುಂಪಿನಲ್ಲಿ ಯಾರಾದರೂ ಪಕ್ಕದವರಿಗೆ ಹೊಡೆದರೆ ಹಾಡು ನಿಲ್ಲಿಸಿ, ಅವರ ಐದು ಡಾಲರ್ ವಾಪಸ್ ಕೊಟ್ಟು ಹೊರಗೆ ಕಳಿಸುತ್ತಿದ್ದರು. ಎಲ್ಲ ನಿಜ. ನನಗೂ ಅದರ ಬಗ್ಗೆ ತುಂಬಾ ಗೌರವ ಇದೆ. ಆದರೆ ಅದನ್ನೇ ಹೇಳಿ ಹೇಳಿ ಹಾಡುಗಳ ಮಾತು ಹಿಂದೆ ಬಿದ್ದಿದೆ, ಅಲ್ವಾ? ಆಲ್ಬಂಗಳು ಬಂದದ್ದು ಮಕೈ ಗೆಳೆಯನ ಜೊತೆ 1980ರಲ್ಲಿ ಶುರು ಮಾಡಿದ್ದ ಸ್ವಂತ ರೆಕಾರ್ಡ್ ಕಂಪನಿ ಡಿಸ್ಕಾರ್ಡ್ ರೆಕಾರ್ಡ್ಸ್‌ನಿಂದ. ಯಾರ ಹಂಗೂ ಇರಲಿಲ್ಲ. ಹಾಗಾಗಿ ಗೆದ್ದ ದಾರಿಯನ್ನೇ ಮತ್ತೆ ತುಳಿಯುವ ಒತ್ತಾಯವೂ ಇರಲಿಲ್ಲ. ಅದು ಆಲ್ಬಂಗಳಲ್ಲೇ ಕೇಳಿಸುತ್ತದೆ.

1989ರ 'ಥರ್ಟೀನ್ ಸಾಂಗ್ಸ್' ತೆಗೆದುಕೊಳ್ಳಿ. ಎರಡು ಸಣ್ಣ ರೆಕಾರ್ಡ್‌ಗಳನ್ನು ಸೇರಿಸಿದ್ದು, ಏಳು ಹಾಡು ಒಂದರಲ್ಲಿ, ಆರು ಇನ್ನೊಂದರಲ್ಲಿ. ಮೊದಲ ಹಾಡು 'ವೇಟಿಂಗ್ ರೂಮ್'. ಶುರುವಾಗುವುದು ಲ್ಯಾಲಿಯ ಬೇಸ್‌ನಿಂದ. ಆಮೇಲೆ ಉಳಿದವರು ಸೇರುತ್ತಾರೆ. ಇಪ್ಪತ್ತು ಸೆಕೆಂಡ್ ದಾಟಿತು ಅನ್ನುವಾಗ ಎಲ್ಲ ಒಟ್ಟಿಗೆ ನಿಂತುಬಿಡುತ್ತದೆ. ಪೂರ್ತಿ ಮೌನ. ಮೊದಲ ಸಲ ಕೇಳುವವರು ಹಾಡು ಕಟ್ ಆಯಿತೇನೋ ಅಂತ ಫೋನ್ ನೋಡುತ್ತಾರೆ. ಅಷ್ಟರಲ್ಲಿ ಎಲ್ಲರೂ ಒಂದೇ ಏಟಿಗೆ ವಾಪಸ್ ಬರುತ್ತಾರೆ. ಎಲ್ಲಿ ನುಡಿಸಬಾರದು ಅನ್ನುವುದು ಇವರಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಒಳ್ಳೆ ತನಿ ಆವರ್ತನದಲ್ಲಿ ಮೃದಂಗದವರು ಏಟನ್ನು ತಡೆದು ಹಿಡಿದಾಗ ನಾವು ಉಸಿರು ಬಿಗಿಹಿಡಿಯುತ್ತೇವಲ್ಲ, ಅದೇ ಸುಖ ಇಲ್ಲಿದೆ. ಇನ್ನೊಂದು ವಿಷಯ: ಈ ರೆಕಾರ್ಡಿಂಗ್‌ನಲ್ಲಿ ಪಿಚೊಟ್ಟೊ ಹಾಡುತ್ತಾರೆ, ಅಷ್ಟೇ. ಗಿಟಾರ್ ಒಂದೇ, ಮಕೈದು.

1990ರ 'ರಿಪೀಟರ್'ನಲ್ಲಿ ಪಿಚೊಟ್ಟೊ ಕೂಡ ಗಿಟಾರ್ ಎತ್ತಿಕೊಂಡರು. ಒಬ್ಬರು ಕೆರೆದರೆ ಇನ್ನೊಬ್ಬರು ಕಿರುಚಿಸುತ್ತಾರೆ. ಕೊನೆಯ ಹಾಡು 'ಶಟ್ ದ ಡೋರ್' ಹೆರಾಯಿನ್‌ಗೆ ಬಲಿಯಾದ ಹೆಣ್ಣಿನದು. ನಿಧಾನಕ್ಕೆ ಸಾಗುತ್ತದೆ, ಇದ್ದಕ್ಕಿದ್ದಂತೆ ಸ್ಫೋಟಿಸುತ್ತದೆ, ಮತ್ತೆ ತಗ್ಗುತ್ತದೆ. ಇದನ್ನು ಬೇರೆ ಕೆಲಸ ಮಾಡುತ್ತಾ ಕೇಳಬೇಡಿ, ದಯವಿಟ್ಟು.

ಮುಂದಿನ ವರ್ಷದ 'ಸ್ಟೆಡಿ ಡಯಟ್ ಆಫ್ ನಥಿಂಗ್' ಸ್ವಲ್ಪ ಒಣಗಿದ ಹಾಗೆ ಕೇಳಿಸುತ್ತದೆ. 'ರಿಕ್ಲಮೇಷನ್' ಮಾತ್ರ ನನಗೆ ಬಿಡಲಾಗದ ಹಾಡು.

ಈ ಹಳದಿ ಕವರ್ ನೋಡಿ. ವಾಷಿಂಗ್ಟನ್ ಸ್ಮಾರಕದ ಕಂಬ ಕಾಣುತ್ತಿದೆಯಲ್ಲ, ಇದು 1993ರ 'ಇನ್ ಆನ್ ದ ಕಿಲ್ ಟೇಕರ್'. ಮೊದಲು ಶಿಕಾಗೋಗೆ ಹೋಗಿ ಹೆಸರಾಂತ ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಅಲ್ಬಿನಿ ಜೊತೆ ರೆಕಾರ್ಡ್ ಮಾಡಿದರು. ಮನಸ್ಸಿಗೆ ಹಿಡಿಸಲಿಲ್ಲ. ಅದನ್ನು ಪಕ್ಕಕ್ಕಿಟ್ಟು, ಊರಿಗೆ ಬಂದು, ಪಕ್ಕದ ಆರ್ಲಿಂಗ್ಟನ್‌ನ ಇನ್ನರ್ ಇಯರ್ ಸ್ಟುಡಿಯೋದಲ್ಲಿ ಎಲ್ಲ ಹೊಸದಾಗಿ ಮಾಡಿದರು. ಡಾನ್ ಝಿಯೆಂಟಾರಾ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಶುರು ಮಾಡಿದ್ದ ಸ್ಟುಡಿಯೋ ಅದು. ನಿರ್ವಾಣ ಬ್ಯಾಂಡ್‌ನ ಭಾರೀ ಗೆಲುವಿನಿಂದಾಗಿ ದೊಡ್ಡ ರೆಕಾರ್ಡ್ ಕಂಪನಿಗಳು ಇಂಥ ಬ್ಯಾಂಡ್‌ಗಳ ಹಿಂದೆ ಬಿದ್ದಿದ್ದ ಕಾಲ. ಈ ಆಲ್ಬಂ ಅಮೆರಿಕದಲ್ಲಿ ಹೆಚ್ಚು ಮಾರಾಟವಾದ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಗೂ ಹತ್ತಿತು. ಇವರು ಡಿಸ್ಕಾರ್ಡ್ ಬಿಟ್ಟು ಕದಲಲಿಲ್ಲ.

ಅಷ್ಟು ಹೆಸರು ಬಂದ ಮೇಲೆ ಬೇರೆ ಯಾರೇ ಆಗಿದ್ದರೂ ಅದೇ ಥರದ್ದು ಇನ್ನೊಂದು ಮಾಡುತ್ತಿದ್ದರು. 1995ರಲ್ಲಿ ಬಂದದ್ದು 'ರೆಡ್ ಮೆಡಿಸಿನ್'. ನನ್ನ ಅಚ್ಚುಮೆಚ್ಚಿನದು. ಮೊದಲ ಹಾಡು ಬರೀ ಗಲಾಟೆಯಿಂದ ಶುರು. ಏನೋ ಹಾಳಾಗಿದೆ ಅನ್ನಿಸುವಷ್ಟು ಹೊತ್ತು ಸುಮ್ನೆ ಗರಗರ ಸದ್ದು. ಆಮೇಲೆ ಡ್ರಮ್ಸ್ ಬಾಗಿಲು ಒದ್ದ ಹಾಗೆ ಒಳಗೆ ನುಗ್ಗುತ್ತದೆ. 'ಬೈ ಯು'ನಲ್ಲಿ ಲ್ಯಾಲಿ ಹಾಡುತ್ತಾರೆ, ಮೆಲ್ಲನೆ, ತನ್ನ ಪಾಡಿಗೆ ತಾನು. 'ವರ್ಷನ್'ನಲ್ಲಿ ಮಾತೇ ಇಲ್ಲ. ರೆಗ್ಗೆಯಿಂದ ಹುಟ್ಟಿದ ಜಮೈಕಾದ ಡಬ್ ಶೈಲಿಯ ಬೇಸ್, ಮೇಲೆ ಪಿಚೊಟ್ಟೊ ಊದುವ ಕ್ಲಾರಿನೆಟ್. ಪಂಕ್ ಬ್ಯಾಂಡ್ ಆಲ್ಬಂನಲ್ಲಿ! ಒಂದೇ ಒಂದು ಆಲ್ಬಂ ಇಟ್ಟುಕೋ ಅಂದರೆ ನಾನು ಇದನ್ನೇ ಎತ್ತಿಕೊಳ್ಳುತ್ತೇನೆ.

1998ರ 'ಎಂಡ್ ಹಿಟ್ಸ್' ಹೆಸರು ನೋಡಿ ಬ್ಯಾಂಡ್ ಮುಗಿಯಿತು ಅಂದುಕೊಂಡವರು ಜಾಸ್ತಿ. ಮುಗಿದಿರಲಿಲ್ಲ. 2001ರ ಅಕ್ಟೋಬರ್‌ನಲ್ಲಿ 'ದಿ ಆರ್ಗ್ಯುಮೆಂಟ್' ಬಂತು. ಇದರಲ್ಲಿ ಚೆಲ್ಲೋ (ದೊಡ್ಡ ಪಿಟೀಲಿನಂಥ ವಾದ್ಯ) ಇದೆ, ಹಿಂದೆ ಹೆಣ್ಣುದನಿಗಳಿವೆ, ಒಂದು ಹಾಡಿನಲ್ಲಿ ಇಬ್ಬರು ಡ್ರಮ್ಮರ್‌ಗಳಿದ್ದಾರೆ. 'ಕ್ಯಾಶ್‌ಔಟ್' ಕೇಳಿ. ಬಾಡಿಗೆದಾರರನ್ನು ಮನೆಯಿಂದ ಹೊರಗೆ ಹಾಕುವ ದಿನದ ಹಾಡು. ಸಾಮಾನು ಬೀದಿಗೆ ಬೀಳುತ್ತದೆ, ಊರು 'ಅಭಿವೃದ್ಧಿ' ಆಗುತ್ತದೆ. ಮಕೈ ಬಹಳ ಹೊತ್ತು ದನಿ ಎತ್ತುವುದೇ ಇಲ್ಲ. ಹಾಗೆ ತಡೆದಿದ್ದಕ್ಕೇ ಕೊನೆಗೆ ಎತ್ತಿದಾಗ ಎದೆಗೆ ನಾಟುತ್ತದೆ. ಕೊನೆಯ ಹಾಡು ಯುದ್ಧದ ವಿರುದ್ಧ. ರೆಕಾರ್ಡ್ ಆದದ್ದು ಆ ವರ್ಷದ ಮೊದಲ ತಿಂಗಳುಗಳಲ್ಲಿ. ಆಲ್ಬಂ ಅಂಗಡಿಗೆ ಬರುವ ಹೊತ್ತಿಗೆ ಅಫ್ಘಾನಿಸ್ತಾನದ ಮೇಲೆ ಬಾಂಬ್ ಬೀಳುತ್ತಿತ್ತು.

ಹೊಸಬರು ಎಲ್ಲಿಂದ ಶುರು ಮಾಡಬೇಕು? 'ಥರ್ಟೀನ್ ಸಾಂಗ್ಸ್' ಒಂದು ವಾರ ಕೇಳಿ. ಆಮೇಲೆ ನೇರವಾಗಿ 'ದಿ ಆರ್ಗ್ಯುಮೆಂಟ್'ಗೆ ಹಾರಿ, ಅದೇ ನಾಲ್ವರು ಎಷ್ಟು ದೂರ ನಡೆದಿದ್ದಾರೆ ನೋಡಿ. ಮಧ್ಯದ್ದು ತಾನಾಗೇ ಕೈಗೆ ಬರುತ್ತದೆ. ಇನ್ನೂ ಬೇಕು ಅಂದರೆ, 2011ರಿಂದ ಅವರು ಹಳೆಯ ಶೋಗಳ ರೆಕಾರ್ಡಿಂಗ್‌ಗಳನ್ನೂ ಆನ್‌ಲೈನ್‌ನಲ್ಲಿ ಹಾಕಿದ್ದಾರೆ, ನೂರಾರು ಶೋಗಳು. ಒಂದೊಂದು ಶೋಗೆ ಅವರು ಸೂಚಿಸಿದ ಬೆಲೆ ಐದು ಡಾಲರ್.