ಹೆಸರು ಆಮೇಲೆ ಹೇಳಿ, ಸಾರ್

ಬೆಳಗಿನ ಜಾವ. ಹಕ್ಕಿ ನೋಡಲು ಹೊರಟ ಹದಿನೈದು ಜನರ ಗುಂಪು. ಮುಂದೆ ನಡೆಯುತ್ತಿದ್ದವರು ಬೆರಳು ತೋರಿಸುತ್ತಾರೆ: "ಅಲ್ಲಿ, ಒಣಗಿದ ಕೊಂಬೆಯ ತುದಿಯಲ್ಲಿ, ಮಿಂಚುಳ್ಳಿ." ಕ್ಯಾಮೆರಾಗಳು ಒಟ್ಟಿಗೆ ಕಟಕಟ ಅನ್ನುತ್ತವೆ. ಪಟ್ಟಿಯಲ್ಲಿ ಒಂದು ಟಿಕ್ ಬೀಳುತ್ತದೆ. ಗುಂಪು ಮುಂದೆ ಹೋಗುತ್ತದೆ. ಪಾಪ ಮಿಂಚುಳ್ಳಿ, ಅದಿನ್ನೂ ಮೀನು ಹಿಡಿದೇ ಇಲ್ಲ!

ನನ್ನ ತಕರಾರು ಇದೇ. ನಾವು ಹೆಸರನ್ನು ತುಂಬಾ ಬೇಗ ಹೇಳಿಬಿಡುತ್ತೇವೆ. ಹೆಸರು ಕಿವಿಗೆ ಬಿದ್ದ ತಕ್ಷಣ ಕಣ್ಣು ಕೆಲಸ ನಿಲ್ಲಿಸುತ್ತದೆ. ಗುಂಪು ಕರೆದುಕೊಂಡು ಹೋಗುವವರಲ್ಲಿ ನನ್ನದೊಂದು ಬೇಡಿಕೆ: ಎರಡು ನಿಮಿಷ ಸುಮ್ನೆ ಇರಿ. ಕೊಕ್ಕು ಹೇಗಿದೆ, ಬಾಲ ಕುಣಿಸುತ್ತಾ, ನೆಲದ ಮೇಲೆ ನಡೆಯುತ್ತಾ, ಕುಪ್ಪಳಿಸುತ್ತಾ ಎಂದು ಕೇಳಿ. ಹೆಸರು ಎಲ್ಲಿಗೂ ಓಡಿ ಹೋಗುವುದಿಲ್ಲ. ಹಾರಿ ಹೋಗುವುದು ಹಕ್ಕಿ.

ನಾನೇ ಸರಿಯಾಗಿ ಬೇಸ್ತು ಬಿದ್ದಿದ್ದೇನೆ. ಶುರುವಿನ ದಿನಗಳಲ್ಲಿ ಒಂದು ಬೂದು ಹಕ್ಕಿ ರೆಕ್ಕೆ ಬಡಿದು, ತೇಲಿ, ಮರಕ್ಕೆ ಬಂದು ಕೂತಿತು. ಎದೆಯ ಮೇಲೆ ಅಡ್ಡ ಪಟ್ಟೆ. ಸಣ್ಣ ಗಿಡುಗ ಅಂದುಕೊಂಡು "ಶಿಕ್ರಾ!" ಎಂದು ಕೂಗಿಯೇಬಿಟ್ಟೆ. ಎಲ್ಲರೂ ಬರೆದುಕೊಂಡರು. ಪಕ್ಕದಲ್ಲಿದ್ದ ಒಬ್ಬ ಹುಡುಗಿ ಮಾತ್ರ ಬೈನಾಕ್ಯುಲರ್ ಇಳಿಸಲಿಲ್ಲ. "ಅಂಕಲ್, ಕೊಕ್ಕು ಬಾಗಿಲ್ಲ ಅಲ್ವಾ?" ಅಂದಳು. ನಿಜ, ಬಾಗಿರಲಿಲ್ಲ. ಅದು ಬೇಟೆ ಹಕ್ಕಿಯೇ ಅಲ್ಲ, ಬ್ರೈನ್‌ಫೀವರ್ ಎಂದು ಕರೆಯುವ ಕೋಗಿಲೆ ಜಾತಿಯ ಹಕ್ಕಿ. ಬಣ್ಣ, ಪಟ್ಟೆ, ಹಾರುವ ರೀತಿ, ಕೂರುವ ರೀತಿ ಎಲ್ಲದರಲ್ಲೂ ಶಿಕ್ರಾವನ್ನು ಹೋಲುತ್ತದೆ. ಚಿಕ್ಕ ಹಕ್ಕಿಗಳೇ ಅದನ್ನು ಕಂಡು ಗಾಬರಿಯಿಂದ ಕಿರುಚುತ್ತವೆ. ಹಾಗಾಗಿ ನನ್ನ ಮಾನ ಅಷ್ಟೇನೂ ಹೋಗಲಿಲ್ಲ ಅಂತ ಸಮಾಧಾನ ಮಾಡಿಕೊಂಡೆ. ಆದರೆ ಆ ಹುಡುಗಿ ಹಕ್ಕಿಯನ್ನು ನೋಡುತ್ತಿದ್ದಳು. ನಾನು ನೋಡುವುದನ್ನು ಬಿಟ್ಟು ಹೆಸರು ಹುಡುಕುತ್ತಿದ್ದೆ.

"ಪುಸ್ತಕದಲ್ಲಿ ಚಿತ್ರ ಇದೆಯಲ್ಲ" ಅನ್ನುತ್ತೀರಿ. ಇದೆ. ಆದರೆ ಹಕ್ಕಿ ವರ್ಷವಿಡೀ ಆ ಚಿತ್ರದ ಹಾಗೇ ಇರುವುದಿಲ್ಲ. ಎಷ್ಟೋ ಜಾತಿಯ ಗಂಡು ಬಾತುಗಳು ಮರಿ ಮಾಡುವ ಕಾಲ ಮುಗಿದ ಮೇಲೆ ಬಣ್ಣದ ಗರಿ ಉದುರಿಸಿ, ಕೆಲವು ಕಾಲ ಹೆಣ್ಣಿನಂತೆಯೇ ಕಾಣುತ್ತವೆ. ಕಡಲ ತೀರದ ದೊಡ್ಡ ಗಲ್ ಹಕ್ಕಿಗಳಿಗೆ ಬೆಳೆದ ಹಕ್ಕಿಯ ಬಣ್ಣ ಪೂರ್ತಿ ಬರಲು ಸುಮಾರು 4 ವರ್ಷ ಬೇಕು. ಅಲ್ಲಿಯವರೆಗೆ ಪ್ರತಿ ವರ್ಷವೂ ಬೇರೆ ವೇಷ.

ಇನ್ನು ಆ್ಯಪ್. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರ, ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್‌ಗೆ 2021ರಲ್ಲಿ ಕೂಗು ಕೇಳಿ ಹಕ್ಕಿ ಗುರುತಿಸುವ ಸೌಲಭ್ಯ ಬಂತು. ಚೆನ್ನಾಗಿದೆ, ನಾನೂ ಬಳಸುತ್ತೇನೆ. ಆದರೆ ಬೇರೆ ಹಕ್ಕಿಗಳ ಕೂಗನ್ನು ಅಣಕಿಸುವ ಭೀಮರಾಜ ಎದುರಿಗಿದ್ದರೆ? ಆ್ಯಪ್ ಹೇಳಿದ್ದನ್ನೆಲ್ಲ ಬರೆದುಕೊಂಡರೆ ಒಂದೇ ಕೊಂಬೆಯಲ್ಲಿ ಸಂತೆ ನೆರೆದಂತಾಗುತ್ತದೆ. ಕೂತಿರುವುದು ಮಾತ್ರ ಒಂದೇ ಹಕ್ಕಿ.

ಇಂಗ್ಲೆಂಡಿನಲ್ಲಿ ಗಿಲ್ಬರ್ಟ್ ವೈಟ್ ಎಂಬ ಹಳ್ಳಿ ಪಾದ್ರಿ ಇದ್ದರು. ಆಗ ಎಲೆಗಳ ನಡುವೆ ಓಡಾಡುವ ಒಂದು ಚಿಕ್ಕ ಹಸಿರು ಹಕ್ಕಿಯ ಬಗ್ಗೆ ಗೊಂದಲವಿತ್ತು. ಅದು ಒಂದಲ್ಲ, ಮೂರು ಬೇರೆ ಬೇರೆ ಜಾತಿ ಎಂದು ಅವರು 1768ರಲ್ಲಿ ಪತ್ರದಲ್ಲಿ ಬರೆದರು. ಅವರಿಗೆ ಮೊದಲು ದಾರಿ ತೋರಿಸಿದ್ದು ಹಾಡು. ಮೂರೂ ಹಾಡುವ ರೀತಿ ಬೇರೆ. ಆ್ಯಪ್ ಇಲ್ಲ, ಈಗಿನಂಥ ಬೈನಾಕ್ಯುಲರ್ ಇಲ್ಲ. ಅದದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವ ಕಾಲು ಮಾತ್ರ ಇತ್ತು.

ಬೈನಾಕ್ಯುಲರ್ ಅಂದ ಕೂಡಲೇ ನೆನಪಾಯಿತು. ಹೊಸಬರು ಜಾಸ್ತಿ ದೊಡ್ಡದಾಗಿ ಕಾಣಿಸುವುದನ್ನೇ ಕೊಳ್ಳಲು ಹೋಗುತ್ತಾರೆ. ದೊಡ್ಡದಾಗಿ ಕಂಡಷ್ಟೂ ಕೈ ನಡುಕವೂ ದೊಡ್ಡದಾಗುತ್ತದೆ, ನೋಟದ ಅಗಲವೂ ಕಡಿಮೆಯಾಗುತ್ತದೆ. 8x42 ಸಾಕು, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲವಿರುವ ಬೈನಾಕ್ಯುಲರ್. ಮೊದಲು ಬರಿಗಣ್ಣಲ್ಲಿ ಹಕ್ಕಿ ಹಿಡಿಯಿರಿ. ಅದರ ಮೇಲಿನ ಕಣ್ಣು ತೆಗೆಯದೆ ಬೈನಾಕ್ಯುಲರ್ ಅನ್ನು ಕಣ್ಣಿಗೆ ತನ್ನಿ. ಒಂದು ವಾರ ಕಾಗೆಗಳ ಮೇಲೆ ಅಭ್ಯಾಸ ಮಾಡಿ. ಕಾಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಬೇಜಾರು ಆಗುವುದು ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಸಿದಾಗ. ಹಕ್ಕಿಗೆ ಅದು ತನ್ನ ಜಾಗಕ್ಕೆ ನುಗ್ಗಿದ ಎದುರಾಳಿಯ ಸದ್ದು. ಗೂಡಿನ ಕೆಲಸ ಬಿಟ್ಟು ಜಗಳಕ್ಕೆ ಬರುತ್ತದೆ. ನಮಗೆ ಒಂದು ಫೋಟೊ ಸಿಗುತ್ತದೆ. ಇದು ನನಗೆ ಸ್ವಲ್ಪವೂ ಇಷ್ಟವಿಲ್ಲ.

ನನ್ನ ನೋಟ್‌ಬುಕ್ಕಿನ ಕೊನೆಯ ಪುಟ ಓದುತ್ತೇನೆ ಕೇಳಿ: "ಗುಬ್ಬಿಗಿಂತ ಚಿಕ್ಕದು. ಮೇಲೆ ಹಸಿರು. ಹುಬ್ಬಿನ ಮೇಲೆ ತೆಳು ಗೆರೆ. ಒಂದು ಕಡೆ ನಿಲ್ಲುವುದಿಲ್ಲ. ಯಾವುದೋ ಗೊತ್ತಾಗಲಿಲ್ಲ." ಕಾಲಿನ ಬಣ್ಣ ನೋಡುವುದನ್ನು ಮರೆತಿದ್ದೆ. ಭಾನುವಾರ ಅದೇ ಮರದ ಕೆಳಗೆ ಹೋಗಿ ನಿಲ್ಲುತ್ತೇನೆ.