ಆ ಒಂದು ಸ್ಲೈಡ್ ತೋರಿಸುವ ಧೈರ್ಯ

[ದೃಶ್ಯ: ಉದ್ದನೆಯ ಮೇಜು, ಸುತ್ತ ಎಂಟು ಜನ, ಪರದೆಯ ಮೇಲೆ ಗ್ರಾಫ್]

ನಮಸ್ಕಾರ. ಇದು ಒಂದು ಲ್ಯಾಬ್‌ನ ವಾರದ ಮೀಟಿಂಗ್. ಮೇಜಿನ ಕೊನೆಯಲ್ಲಿ ಕೂತಿರುವ ಪಿಎಚ್‌ಡಿ ವಿದ್ಯಾರ್ಥಿನಿಯನ್ನು ನೋಡಿ. ಅವಳ ಪ್ರಯೋಗದಲ್ಲಿ ಯಾರೂ ಊಹಿಸದ ಫಲಿತಾಂಶ ಬಂದಿದೆ. ಹೇಳಲಾ, ಬೇಡ್ವಾ? ಗೈಡ್ ಏನಂದುಕೊಳ್ಳುತ್ತಾರೋ! ಸುಮ್ನೆ ಆ ಸ್ಲೈಡ್ ತೆಗೆದುಬಿಟ್ಟರೆ?

ತೆಗೆದರೆ ಎಷ್ಟು ನಷ್ಟ ಅಂತ ಕೇಳಿ. 1990ರ ದಶಕದಲ್ಲಿ ಕೆವಿನ್ ಡನ್‌ಬಾರ್ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದ 4 ಮಾಲಿಕ್ಯುಲರ್ ಬಯಾಲಜಿ ಲ್ಯಾಬ್‌ಗಳಲ್ಲಿ ತಿಂಗಳುಗಟ್ಟಲೆ ಕೂತು ಮೀಟಿಂಗ್‌ಗಳನ್ನು ರೆಕಾರ್ಡ್ ಮಾಡಿದರು. ಅಲ್ಲಿನ ಫಲಿತಾಂಶಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅನಿರೀಕ್ಷಿತವೇ! "ಎಲ್ಲೋ ವಿಧಾನದಲ್ಲಿ ತಪ್ಪಾಗಿದೆ" ಅನ್ನುವುದು ಎಲ್ಲರ ಮೊದಲ ಮಾತು. ಅದು ಸಹಜ ಕೂಡ. ಆದರೆ ಹೊಸ ಹೊಳಹುಗಳು ಬಹಳ ಸಲ ಹುಟ್ಟಿದ್ದು ಮೀಟಿಂಗ್‌ನಲ್ಲೇ, "ಅದ್ಯಾಕೆ ಹಾಗೆ ಬಂತು?" ಅಂತ ಪಕ್ಕದವರು ಕೆದಕಿದಾಗ. ಗುಂಪಿನವರ ಹಿನ್ನೆಲೆ ಬೇರೆ ಬೇರೆ ಇದ್ದಷ್ಟೂ ಉತ್ತರ ಬೇಗ ಸಿಗುತ್ತಿತ್ತು.

ಹಾಗಾದರೆ ಎಲ್ಲರೂ ತಲೆಯಾಡಿಸುವ ಲ್ಯಾಬ್ ಒಳ್ಳೆಯದಾ? ಖಂಡಿತ ಅಲ್ಲ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಯೋರಾನ್ ಎಕ್ವಾಲ್ ಸೃಜನಶೀಲತೆ ಬೆಳೆಯುವ ವಾತಾವರಣವನ್ನು 10 ಅಂಶಗಳಲ್ಲಿ ಅಳೆದರು. ಸ್ವಾತಂತ್ರ್ಯ, ನಂಬಿಕೆ, ನಗು, ಯೋಚಿಸಲು ಬಿಡುವು, ಇವೆಲ್ಲ ಅದರಲ್ಲಿವೆ. ನನಗೆ ತುಂಬಾ ಹಿಡಿಸಿದ್ದು ಚರ್ಚೆಯನ್ನೂ ಜಗಳವನ್ನೂ ಅವರು ಬೇರೆ ಬೇರೆ ಇಟ್ಟಿದ್ದು. "ಈ ಪ್ರಯೋಗದ ಕಂಟ್ರೋಲ್, ಅಂದರೆ ಹೋಲಿಕೆಗೆ ಇಟ್ಟ ಮಾದರಿ, ಸರಿಯಿಲ್ಲ" ಅಂದರೆ ಚರ್ಚೆ. "ನಿನಗೆ ಕಂಟ್ರೋಲ್ ಇಡೋಕೂ ಬರಲ್ಲ" ಅಂದರೆ ಜಗಳ. ಹತ್ತರಲ್ಲಿ ಈ ಜಗಳ ಒಂದೇ ಹೆಚ್ಚಿದಷ್ಟೂ ಕೆಡುಕು. ಎರಡನೇ ಮಾತು ಕೇಳಿಸಿಕೊಂಡವರು ಮುಂದಿನ ವಾರ ಬಾಯಿ ಬಿಡುತ್ತಾರಾ?

[ದೃಶ್ಯ: ಕ್ಯಾಲೆಂಡರ್ ಹಾಳೆಗಳು ಮಗುಚುತ್ತಿವೆ]

ಎಲ್ಲವನ್ನೂ ಗೈಡ್ ತಲೆಗೆ ಕಟ್ಟುವುದೂ ತಪ್ಪು. ದುಡ್ಡು ಕೊಡುವವರ ನಿಯಮವೂ ವಾತಾವರಣವೇ, ಅಲ್ವಾ? ಅಮೆರಿಕದ ಹೋವರ್ಡ್ ಹ್ಯೂಸ್ ವೈದ್ಯಕೀಯ ಸಂಶೋಧನಾ ಸಂಸ್ಥೆ ವಿಜ್ಞಾನಿಗಳಿಗೆ ವರ್ಷಗಟ್ಟಲೆ ಹಣ ಕೊಡುತ್ತದೆ, ಶುರುವಿನ ಸೋಲನ್ನು ಸಹಿಸುತ್ತದೆ. ಅವರನ್ನು ಸರ್ಕಾರಿ ಅನುದಾನದಲ್ಲಿ ನಡೆಯುವ ಅಂಥದೇ ವಿಜ್ಞಾನಿಗಳ ಜೊತೆ ಹೋಲಿಸಿದ ಅಧ್ಯಯನ 2011ರಲ್ಲಿ ಬಂತು. ಹೋವರ್ಡ್ ಹ್ಯೂಸ್ ಕಡೆಯವರಿಂದ ಭಾರೀ ಪ್ರಭಾವದ ಪ್ರಬಂಧಗಳು ಜಾಸ್ತಿ ಬಂದಿದ್ದವು. ನೆಲಕಚ್ಚಿದ ಪ್ರಬಂಧಗಳೂ ಜಾಸ್ತಿಯೇ! ಎರಡೂ ಒಟ್ಟಿಗೇ ಬರುತ್ತವೆ.

[ದೃಶ್ಯ: ಮತ್ತೆ ಅದೇ ಮೇಜು]

ಅವಳು ಸ್ಲೈಡ್ ತೋರಿಸಿದಳು. ಗೈಡ್ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಇದನ್ನ ಇನ್ನೊಮ್ಮೆ ತೋರಿಸು." ಪಕ್ಕದವನು ಆಗಲೇ ಪೆನ್ ಹಿಡಿದು ಬೋರ್ಡ್ ಕಡೆ ಹೊರಟಿದ್ದಾನೆ.